ತಿರುಳು ಗಟ್ಟಿಯೋ, ಮೆತ್ತಗೋ?

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಒಂದು ಪದ ತಲೆ ತಿನ್ನುತ್ತಿದೆ. ಹೊಸ ಪದವೇನಲ್ಲ, ‘ತಿರುಳು’. ನನಗೂ ಗೊತ್ತು ಅಂತಲೇ ಅಂದುಕೊಂಡಿದ್ದೆ. ಆ ಧೈರ್ಯದಲ್ಲೇ ಒಂದು ಒಳ್ಳೆ ಹಲಸಿನ ಹಲಗೆ ಹಾಳು ಮಾಡಿದೆ.

ನಾನು ದಾವಣಗೆರೆ ಕಡೆಯವನು, ಮೇಷ್ಟ್ರು ಕೆಲಸ. ಅಮ್ಮನ ತವರು ಗಂಗೊಳ್ಳಿ. ಅಲ್ಲಿ ಸೋದರಮಾವನ ಮರಗೆಲಸದ ಶೆಡ್ಡು ಇದೆ. ಹಿಂದಿನ ಬಾಗಿಲು ತೆಗೆದರೆ ಸಮುದ್ರದ ಸದ್ದು ಒಳಗೇ ಬರುತ್ತದೆ. ಹುಡುಗನಾಗಿದ್ದಾಗ ಬೇಸಿಗೆ ಪೂರ್ತಿ ಅಲ್ಲೇ ಇರುತ್ತಿದ್ದೆ. ಆಮೇಲೆ ಓದು, ಕೆಲಸ, ಮದುವೆ ಅಂತ ತಪ್ಪಿಹೋಯಿತು. ಈ ಸಲ ರಜೆ ಸಿಕ್ಕ ಮಾರನೇ ದಿನವೇ ಬಸ್ಸು ಹತ್ತಿದೆ. ಸುಮ್ನೆ ಕೂರೋದಕ್ಕಲ್ಲ, ಕೆಲಸ ಮಾಡೋದಕ್ಕೇ.

ಮೊದಲೆಲ್ಲ ಮಾವನಿಗೆ ದೋಣಿ ಕೆಲಸ ಜಾಸ್ತಿ ಇತ್ತು. ಹೆಬ್ಬಲಸಿನ ಹಲಗೆ, ತಾಮ್ರದ ಮೊಳೆ, ಮೇಲೆ ಬಳಿಯೋಕೆ ಗೇರೆಣ್ಣೆ. ಈಗ ಫೈಬರ್ ದೋಣಿ ಬಂದ ಮೇಲೆ ಬಾಗಿಲು, ಕಿಟಕಿ, ಮಂಚದ ಕೆಲಸವೇ ಹೆಚ್ಚು. ಅದೂ ಮಳೆಗೆ ಮುಂಚೆ ಎಲ್ಲರಿಗೂ ಒಟ್ಟಿಗೆ ಬೇಕು. ಉಪ್ಪುಗಾಳಿಗೆ ಉಳಿ, ಗರಗಸ ಎಲ್ಲ ರಾತ್ರಿ ಬೆಳಗಾಗೋದರಲ್ಲಿ ತುಕ್ಕು ಹಿಡಿಯುತ್ತವೆ. ಹಾಗಾಗಿ ಸಂಜೆ ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿಡೋದು ನನ್ನ ಪಾಲಿನ ಕೆಲಸ. ಚಿಕ್ಕವನಿದ್ದಾಗಲೂ ಅದೇ ಕೆಲಸ ಕೊಟ್ಟಿದ್ದರು. ಬಡ್ತಿ ಸಿಕ್ಕಿಲ್ಲ.

ವಿಷಯಕ್ಕೆ ಬರುತ್ತೇನೆ. ಒಂದು ದಿನ ಅಗಲವಾದ ಹಲಸಿನ ಹಲಗೆ ಮುಂದಿಟ್ಟು ಮಾವ ಹೇಳಿದರು, “ತಿರ್ಳ್ ತೆಗಿ.” ಅಷ್ಟು ಹೇಳಿ ಚಹಾ ಕುಡಿಯೋಕೆ ಹೋದರು.

ಹಲಗೆಯ ಎರಡೂ ಅಂಚು ಬಿಳಿಚಿಕೊಂಡಿತ್ತು. ನಡುವೆ ಎಲ್ಲ ಅರಿಸಿನದ ಬಣ್ಣ. ಆ ಅರಿಸಿನದ ನಟ್ಟನಡುವೆ ಒಂದು ಕಂದು ಗೆರೆ. ನಾನು ಏನು ಮಾಡಬೇಕು? ಮನೆಯಲ್ಲಿ ಸೋರೆಕಾಯಿ ತಿರುಳು ತೆಗಿ ಅಂದರೆ ಒಳಗಿನ ಮೆತ್ತಗಿನ ಭಾಗ ಕೆರೆದು ಎಸೆಯುತ್ತೇವೆ. ಅದೇ ಲೆಕ್ಕ ಹಾಕಿದೆ. ಕಂದು ಗೆರೆಯೇ ತಿರುಳು, ಅದನ್ನು ತೆಗೆಯಬೇಕು. ಎರಡು ಬೆರಳಗಲ ಪಟ್ಟಿಯನ್ನು ನಡುವಿನಿಂದ ಸೀಳಿ ತೆಗೆದೆ. ಒಂದು ಹಲಗೆ ಎರಡಾಯಿತು. ನೀಟಾಗಿ ಬಂದಿದೆ ಅಂತ ಒಂದು ಫೋಟೋ ಕೂಡ ತೆಗೆದುಕೊಂಡೆ.

ಮಾವ ಬಂದು ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, “ಎಂತಾ ಮಾರಾಯಾ ಇದ್?” ಅಂದರು.

ಅವರು ಹೇಳಿದ ತಿರುಳು ಆ ಅರಿಸಿನ ಬಣ್ಣದ ಭಾಗ ಪೂರ್ತಿ. ಅಂಚಿನ ಬಿಳಿ ಕಡಿದು, ತಿರುಳನ್ನು ಅಗಲವಾಗಿ ಉಳಿಸಿಕೊಡು ಅಂತ ಅವರ ಅರ್ಥ. ‘ತೆಗೆ’ ಅನ್ನೋ ಪದವೂ ಕೈ ಕೊಟ್ಟಿತು. ತೆಗೆದು ಎಸೆಯೋದೋ, ತೆಗೆದು ಇಟ್ಟುಕೊಳ್ಳೋದೋ? ಅಡುಗೆಮನೆಯಲ್ಲಿ ಹಲಸಿನ ತೊಳೆ ತೆಗಿ ಅಂದರೆ ಯಾರೂ ತೊಳೆ ಎಸೆಯೋದಿಲ್ಲ ಅಲ್ವಾ?

ಈ ಬಿಳಿ–ಹಳದಿ ಭೇದ ಸುಮ್ಮನೆ ಚಂದಕ್ಕಲ್ಲ. ಮರ ಬದುಕಿದ್ದಾಗ ನೀರು ಮೇಲೆ ಹೋಗೋದು ಹೊರಗಿನ ಬಿಳಿ ಭಾಗದಲ್ಲಿ. ಅಲ್ಲಿ ಪಿಷ್ಟ ಇರುತ್ತದೆ, ಕುಟ್ಟೆ ಹುಳ ಅದಕ್ಕೇ ಬಾಯಿ ಹಾಕೋದು. ಒಳಗಿನ ಭಾಗದ ಜೀವಕೋಶ ಸತ್ತು, ಬಣ್ಣ, ಅಂಟು, ಒಗರು ಎಲ್ಲ ತುಂಬಿಕೊಂಡಿರುತ್ತದೆ. ಹುಳಕ್ಕೆ ಅದು ಸೇರೋದಿಲ್ಲ. ಹಲಸಿನಲ್ಲಂತೂ ಆ ಬಣ್ಣ ಎಷ್ಟೆಂದರೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಅದರ ಚಕ್ಕೆ ಕುದಿಸಿಯೇ ಬಣ್ಣ ಹಾಕುತ್ತಿದ್ದರು. ನನ್ನ ಬಿಳಿ ಬನಿಯನ್ನಿಗೂ ಬೆವರಿನ ಜೊತೆ ಹುಡಿ ಹತ್ತಿ ಆ ದೀಕ್ಷೆ ಆಗಿದೆ.

ನಮ್ಮ ಕಡೆ ಈ ಒಳಗಿನ ಗಟ್ಟಿ ಭಾಗಕ್ಕೆ ಹೇಳೋದು ಕೆಚ್ಚು. “ಜಾಲಿ ಕೆಚ್ಚು, ಕೊಡಲಿಗೂ ಬಗ್ಗಲ್ಲ” ಅಂತ ಅಪ್ಪ ಹೇಳೋರು. ಗಾಡಿ, ನೇಗಿಲಿಗೆ ಅದೇ ಬೇಕಿತ್ತು. ಪತ್ರಿಕೆಯಲ್ಲಿ ದಿನಾ ಓದುವ ‘ಕೆಚ್ಚೆದೆ’ ಇದೇ ಕೆಚ್ಚು ಮತ್ತು ಎದೆ ಸೇರಿ ಆಗಿದ್ದು. ತರಗತಿಯಲ್ಲಿ ಲೋಪಸಂಧಿ ಅಂತ ಬಿಡಿಸಿ ಬರೆಸುತ್ತೇನೆ, ಆದರೆ ಅದರೊಳಗೆ ಮರ ಇದೆ ಅಂತ ನನಗೇ ಹೊಳೆದಿರಲಿಲ್ಲ. ನಿಘಂಟಿನಲ್ಲಿ ಚೇಗು ಅಂತಲೂ ಇದೆ. ಬಾಯಲ್ಲಿ ಆ ಪದ ನಾನು ಕೇಳಿಲ್ಲ. ಮಲಯಾಳದಲ್ಲಿ ಕಾತಲ್ ಅನ್ನುತ್ತಾರೆ. ತಮಿಳಿನಲ್ಲಿ ವೈರಂ, ಅಂದರೆ ವಜ್ರ. ಅಲ್ಲೆಲ್ಲ ಲೆಕ್ಕ ಸರಳ.

ಕೆಚ್ಚು ಅಂದರೆ ಗಟ್ಟಿ, ಸರಿ. ಹಾಗಾದರೆ ಮಾವನ ತಿರುಳೂ ಗಟ್ಟಿ ಅಂತಲೇ ಅರ್ಥವಾ? ಹಾಗಂದುಕೊಂಡು ನಾಲ್ಕು ದಿನ ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವರು ತೋಟಕ್ಕೆ ದಂಬೆ ಬೇಕು ಅಂತ ಅಡಿಕೆ ಮರ ತಂದು ಹಾಕಿದರು. ಅದನ್ನು ಉದ್ದಕ್ಕೆ ಸೀಳಿ, ಒಳಗಿನದನ್ನು ಕೆತ್ತಿ ತೆಗೆದರೆ ನೀರು ಹರಿಸುವ ದಂಬೆ. ಮಾವ ಬಾಚಿ ಕೈಗೆ ಕೊಟ್ಟು ಮತ್ತೆ ಅದೇ ಮಾತು ಹೇಳಿದರು, “ತಿರ್ಳ್ ತೆಗಿ.”

ಈ ಸಲ ನಾನು ಕೈಕಟ್ಟಿ ನಿಂತೆ. ಯಾವ ತೆಗೆಯೋದು ಅಂತ ಕೇಳಿದೆ. ಅವರಿಗೆ ನಗು. ಈ ತಿರುಳು ಎಸೆಯುವ ತಿರುಳು, ನಾರುನಾರಾಗಿ ಮೆತ್ತಗಿರೋದು.

ಅಡಿಕೆ, ತೆಂಗು, ತಾಳೆ ಇವೆಲ್ಲ ಹಲಸಿನ ಜಾತಿಯ ಹಾಗಲ್ಲ. ಅವಕ್ಕೆ ಗಟ್ಟಿ ಇರೋದು ಹೊರಗೆ, ಒಳಗೆ ಮೆತ್ತಗೆ. ಒಂದೇ ಶೆಡ್ಡು, ಒಂದೇ ಪದ. ಹಲಸಿನಲ್ಲಿ ಅತಿ ಗಟ್ಟಿ, ಅಡಿಕೆಯಲ್ಲಿ ಅತಿ ಮೆತ್ತಗೆ. ಇಲ್ಲಿಂದ ನನಗೆ ಅನ್ನಿಸೋದು ಇಷ್ಟು: ಕೆಚ್ಚು ಅನ್ನೋದು ಗುಣ, ತಿರುಳು ಅನ್ನೋದು ಜಾಗ. ಕೆಚ್ಚು ಎಲ್ಲೇ ಇದ್ದರೂ ಗಟ್ಟಿ ಇರಬೇಕು. ತಿರುಳು ಹೇಗೇ ಇದ್ದರೂ ಒಳಗಿರಬೇಕು, ಅಷ್ಟೇ.

ಇದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು. ಒಂಬತ್ತನೇ ಶತಮಾನದ ಕವಿರಾಜಮಾರ್ಗದ ‘ಕನ್ನಡದ ತಿರುಳ್’ ನಮಗೆಲ್ಲ ಗೊತ್ತಲ್ಲ. ಕಿಸುವೊಳಲು ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರವಾಗಿರುವ ಪುಲಿಗೆರೆ, ಒಂಕುಂದ, ಈ ನಾಲ್ಕರ ‘ನಡುವಣ’ ನಾಡಿನದು ಕನ್ನಡದ ತಿರುಳು ಅಂತ ಅಲ್ಲಿದೆ. ನಾವು ಅದನ್ನು ಸಾರ, ಸತ್ವ ಅಂತ ಅರ್ಥ ಹೇಳಿ ಮುಂದೆ ಹೋಗುತ್ತೇವೆ. ಆದರೆ ಪದ್ಯದಲ್ಲೇ ‘ನಡುವಣ’ ಅನ್ನೋದು ಪಕ್ಕದಲ್ಲಿ ಕೂತಿದೆ. ಮರ ಸೀಳಿದ ಹಾಗೆ ನಾಡನ್ನು ಸೀಳಿದರೆ ಒಳಗೆ ಕಾಣೋದು ಅನ್ನೋ ಚಿತ್ರ ಅಲ್ಲಿದೆ ಅಂತ ನನ್ನ ಅನಿಸಿಕೆ. ಹಲಸಿನ ಮರ ಅಂತ ಓದಿಕೊಳ್ಳೋಣ, ಅಡಿಕೆ ಮರ ಬೇಡ.

ಇನ್ನು ಬೆಂಡು. ನಮ್ಮ ಕಡೆ ಮೆತ್ತಗೆ, ಹಗುರಾಗಿ, ಟೊಳ್ಳಾಗಿರೋದಕ್ಕೆಲ್ಲ ಬೆಂಡು. ದುಡಿದು ಬೆಂಡಾದ ಅನ್ನೋದೂ ಅದೇ. ಹಾಗಾಗಿ ಅಡಿಕೆಯ ಒಳಗಿನದನ್ನು ನಾನಾದರೆ ಬೆಂಡು ಅನ್ನುತ್ತಿದ್ದೆ. ಮಾವನಿಗೆ ಹೇಳಿದರೆ ಅವರು ಒಪ್ಪಲಿಲ್ಲ. ಬೆಂಡು ಅಂದರೆ ಬಲೆಗೆ ಕಟ್ಟೋದು, ನೀರಲ್ಲಿ ತೇಲೋದು, ಅದಕ್ಕೂ ಇದಕ್ಕೂ ಏನು ಸಂಬಂಧ ಅಂದರು. ಕಡಲ ಬದಿಯಲ್ಲಿ ಬಲೆಯ ಬೆಂಡೇ ಮೊದಲು ನೆನಪಾಗೋದು ಸಹಜ.

ಹಾಗೇ ಒಂದು ಅಡ್ಡಮಾತು. ಮರ ನಯ ಮಾಡುವ ಸಾಧನಕ್ಕೆ ನಾವು ರಂದ ಅನ್ನುತ್ತೇವೆ, ಇಲ್ಲಿ ಕೀಸುಳಿ. ಕೀಸುವ ಉಳಿ. ಬಿಚ್ಚಿ ನೋಡಿದರೆ ನಿಜಕ್ಕೂ ಅಷ್ಟೇ, ಮರದ ದಿಮ್ಮಿಯೊಳಗೆ ಓರೆಯಾಗಿ ಕೂರಿಸಿದ ಒಂದು ಅಗಲ ಉಳಿ. ರಂದ ಅನ್ನೋ ಪದ ಇದನ್ನು ನನಗೆ ಹೇಳಿರಲೇ ಇಲ್ಲ.

ಈಗ ನನ್ನ ಪ್ರಶ್ನೆಗಳು. ನಿಮ್ಮ ಊರಿನ ಬಡಗಿಗಳು, ಆಚಾರ್ರು ಒಳಗಿನ ಗಟ್ಟಿ ಮರಕ್ಕೆ ಏನಂತಾರೆ? ಕೆಚ್ಚು ಮತ್ತು ತಿರುಳು ಎರಡೂ ಒಂದೇ ಬಾಯಲ್ಲಿ ಬಳಕೆಯಲ್ಲಿರುವ ಊರು ಇದೆಯಾ? ಇದ್ದರೆ ಯಾವುದಕ್ಕೆ ಯಾವುದು? ತೆಂಗಿನ ಮರದ ಹೊರಗಿನ ಗಟ್ಟಿ ಭಾಗಕ್ಕೆ ಯಾರಾದರೂ ಕೆಚ್ಚು ಅಂದಿದ್ದು ಕೇಳಿದ್ದೀರಾ? ಈ ಕೊನೆಯದು ಮುಖ್ಯ. ಹೌದು ಅಂದರೆ ಗುಣ–ಜಾಗದ ನನ್ನ ಲೆಕ್ಕ ಸರಿ ಅಂತಾಗುತ್ತದೆ. ಅಂಚಿನ ಬಿಳಿ ಭಾಗಕ್ಕೂ ಬೇರೆ ಹೆಸರಿದ್ದರೆ ಬರೆಯಿರಿ. ಮಾವ ಅದಕ್ಕೆ ಬರೀ ‘ಬಿಳಿ’ ಅನ್ನುತ್ತಾರೆ. ದಯವಿಟ್ಟು ನಿಘಂಟು ನೋಡಿ ಹೇಳಬೇಡಿ, ಅದು ನನ್ನ ಹತ್ತಿರವೂ ಇದೆ. ಕೇಳಿದ್ದನ್ನು ಹೇಳಿ, ಯಾವ ಊರಲ್ಲಿ ಅಂತಲೂ ಸೇರಿಸಿ.

ಮೇ ಕೊನೆವರೆಗೆ ಇಲ್ಲೇ ಇರುತ್ತೇನೆ. ಉತ್ತರ ಬಂದರೆ ಸಂಜೆ ಉಳಿ ಒರೆಸುವಾಗ ಮಾವನಿಗೆ ಓದಿ ಹೇಳುತ್ತೇನೆ. ನಾನು ಸೀಳಿದ ಹಲಗೆಯಲ್ಲಿ ಅವರು ಎರಡು ಕೂರುವ ಮಣೆ ಮಾಡಿದ್ದಾರೆ. ಒಂದರ ಅಂಚಿನಲ್ಲಿ ಬಿಳಿ ಹಾಗೇ ಬಿಟ್ಟಿದ್ದಾರೆ, ಅದು ನನ್ನದಂತೆ.