ವೈರ್‌ಮನ್ ಪರ್ಮಿಟ್ ಮತ್ತು ಟೆಸ್ಟ್ ರಿಪೋರ್ಟ್: ಈ ಅಂಕಿ ಎಲ್ಲಿಂದ ಬಂತು ಅಂತ ಕೇಳಿದರೆ?

ಪ್ರಶ್ನೆ (ಪೀಣ್ಯದಿಂದ ಒಬ್ಬ ಹುಡುಗ): ಸರ್, ನಮಸ್ಕಾರ. ಒಬ್ಬ ಕಾಂಟ್ರಾಕ್ಟರ್ ಹತ್ತಿರ ಮನೆ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ವೈರ್‌ಮನ್ ಪರ್ಮಿಟ್ (ವೈರಿಂಗ್ ಕೆಲಸಕ್ಕೆ ಬೇಕಾದ ಸರ್ಕಾರಿ ಪರವಾನಗಿ) ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಪೈಪ್ ಹಾಕುವುದು, ವೈರ್ ಎಳೆಯುವುದು, ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಕಟ್ಟುವುದು ಎಲ್ಲ ಬರುತ್ತೆ. ಆದರೆ ಟೆಸ್ಟ್ ಮಾಡಿ ರಿಪೋರ್ಟ್ ತುಂಬುವುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಹಳೆ ರಿಪೋರ್ಟ್ ನೋಡಿ ಅದೇ ಅಂಕಿ ಬರೆಯುವುದು ನಮ್ಮಲ್ಲಿ ರೂಢಿ. ಪರೀಕ್ಷೆಯಲ್ಲಿ ಎದುರಿಗೆ ಕೂತು ಕೇಳಿದರೆ ಏನು ಹೇಳಲಿ? ಎಲ್ಲಿಂದ ಶುರು ಮಾಡಲಿ?

ಉತ್ತರ: ತಮ್ಮಾ, ಪುಸ್ತಕಕ್ಕಿಂತ ಮೊದಲು ನಿನ್ನ ಹಳೆ ರಿಪೋರ್ಟನ್ನೇ ತೆಗೆದು ಮುಂದೆ ಇಟ್ಟುಕೋ. ಹತ್ತು ಸರ್ಕ್ಯೂಟ್ ಇದ್ದರೆ ಹತ್ತಕ್ಕೂ ‘100 ಮೆಗ್ ಓಮ್’ ಅಂತ ಬರೆದಿರುತ್ತೆ, ಅಲ್ವಾ? ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದವರು ಯಾರೂ ಅದನ್ನು ನಂಬುವುದಿಲ್ಲ. ಅಡುಗೆಮನೆ ಲೈನ್ ಒಂದು ತೋರಿಸುತ್ತೆ, ಟೆರೇಸ್ ಲೈನ್ ಇನ್ನೊಂದು. ನೀನು ಬರೆದ ಅಂಕಿ ಎಲ್ಲಿಂದ ಬಂತು ಅಂತ ಹೇಳಲು ಬಂದರೆ ಅರ್ಧ ಪರೀಕ್ಷೆ ಮುಗಿದಂತೆ.

ಯಾವುದು ಮೊದಲು, ಯಾಕೆ ಮೊದಲು ಅನ್ನುವುದನ್ನು ಗಟ್ಟಿ ಮಾಡಿಕೋ. ಕರೆಂಟ್ ಕೊಡುವ ಮುಂಚೆ ಅರ್ತ್ ವೈರ್ ಕಂಟಿನ್ಯುಟಿ (ವೈರ್ ಎಲ್ಲೂ ತುಂಡಾಗಿಲ್ಲವಾ), ಆಮೇಲೆ ಇನ್ಸುಲೇಷನ್ (ಕರೆಂಟ್ ಸೋರುವ ಜಾಗ ಇದೆಯಾ), ಆಮೇಲೆ ಪೊಲಾರಿಟಿ (ಫೇಸ್, ನ್ಯೂಟ್ರಲ್ ಅದಲು ಬದಲು ಆಗಿಲ್ಲವಾ). ಕರೆಂಟ್ ಕೊಟ್ಟ ಮೇಲೆ ಲೂಪ್ (ದೋಷದ ಕರೆಂಟ್ ಹರಿಯುವ ಪೂರ್ತಿ ದಾರಿಯ ರೆಸಿಸ್ಟೆನ್ಸ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್). ಕಂಟಿನ್ಯುಟಿ ಯಾಕೆ ಮೊದಲು? ಅರ್ತ್ ವೈರ್ ಎಲ್ಲೋ ಮಧ್ಯದಲ್ಲಿ ತುಂಡಾಗಿದೆ ಅಂದುಕೋ. ಆಗ ಡಿಬಿಯಲ್ಲಿ ಫೇಸ್‌ಗೂ ಅರ್ತ್‌ಗೂ ಮೆಗ್ಗರ್ ಹಾಕಿದರೆ ರೀಡಿಂಗ್ ಚೆನ್ನಾಗಿಯೇ ಬರುತ್ತೆ. ತುಂಡಾದ ಕಡೆಯಿಂದ ಆಚೆ ಇರುವ ದೋಷ ನಿನಗೆ ಕಾಣುವುದೇ ಇಲ್ಲ.

ಕಂಟಿನ್ಯುಟಿಯಲ್ಲೂ ‘ಓಕೆ’ ಅಂತ ಬರೆಯಬೇಡ, ಓಮ್ ಬರೆ. 2.5 ಚದರ ಮಿಮೀ ತಾಮ್ರದ ವೈರ್‌ಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಹಾಗಾದರೆ 20 ಮೀಟರ್‌ಗೆ 0.15 ಓಮ್ ಆಸುಪಾಸು ಬರಬೇಕು. ಲೀಡ್‌ನ ರೆಸಿಸ್ಟೆನ್ಸ್ ಕಳೆದ ಮೇಲೂ 1.2 ತೋರಿಸಿದರೆ ಎಲ್ಲೋ ಒಂದು ಸ್ಕ್ರೂ ಸಡಿಲ ಇದೆ, ಇಲ್ಲ ಟೇಪ್ ಸುತ್ತಿದ ಜಾಯಿಂಟ್ ಇದೆ.

ಇನ್ಸುಲೇಷನ್‌ಗೆ 500 ವೋಲ್ಟ್ ಡಿಸಿ, ಕನಿಷ್ಠ 1 ಮೆಗ್ ಓಮ್. ಹಳೆ ಐಎಸ್ 732ರಲ್ಲಿ (ವೈರಿಂಗ್‌ನ ಭಾರತೀಯ ಸ್ಟ್ಯಾಂಡರ್ಡ್) 50ನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸುವ ಲೆಕ್ಕ ಇತ್ತು. ಹಿರಿಯರು ಅದನ್ನೂ ಕೇಳಬಹುದು, ತಿಳಿದಿರಲಿ. ಹೊಸ ಮನೆಯಲ್ಲಿ ವೈರ್ ಸರಿ ಇದ್ದರೆ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತೆ. ಹಾಗಾಗಿ ಒಂದು ಲೈನ್ ಮಾತ್ರ 2 ಮೆಗ್ ಓಮ್ ತೋರಿಸಿದರೆ ಪಾಸಾಯಿತು ಅಂತ ಬಿಡಬೇಡ, ಯಾಕೆ ಅಂತ ಹುಡುಕು.

ಹುಡುಕುವ ಕ್ರಮ ಹೀಗೆ. ಅಡುಗೆಮನೆ ಲೈನ್ 0.4 ಮೆಗ್ ಓಮ್ ತೋರಿಸಿತು ಅಂದುಕೋ. ಮೊದಲು ಡಿಬಿ ನೋಡು. ಸರ್ಜ್ ಪ್ರೊಟೆಕ್ಟರ್ ಹಾಕಿದ್ದರೆ ಅದನ್ನು ಬಿಚ್ಚಿದ್ದೀಯಾ? ನ್ಯೂಟ್ರಲ್ ಲಿಂಕ್‌ನಿಂದ ಆ ಲೈನಿನ ನ್ಯೂಟ್ರಲ್ ಬೇರೆ ಮಾಡಿದ್ದೀಯಾ? ಎಲ್‌ಇಡಿ ಲೈಟ್, ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಿಚ್ಚಿದ್ದೀಯಾ? ಬಿಚ್ಚಲು ಆಗದಿದ್ದರೆ ಫೇಸ್, ನ್ಯೂಟ್ರಲ್ ಎರಡನ್ನೂ ಜೋಡಿಸಿ ಅರ್ತ್‌ಗೆ ಮಾತ್ರ ಟೆಸ್ಟ್ ಮಾಡು, ಸಾಮಾನು ಸುಡದೆ ಉಳಿಯುತ್ತೆ. ಇಷ್ಟಾದರೂ 0.4 ಇದ್ದರೆ ಲೈನನ್ನು ಮಧ್ಯದ ಜಂಕ್ಷನ್ ಬಾಕ್ಸ್‌ನಲ್ಲಿ ಬಿಚ್ಚಿ ಎರಡು ಭಾಗ ಮಾಡು. ಕೆಟ್ಟ ಭಾಗವನ್ನು ಮತ್ತೆ ಎರಡು ಮಾಡು. ಸಿಂಕ್ ಪಕ್ಕದ ಬಾಕ್ಸ್‌ಗೆ ಬಂದು ನಿಲ್ಲುವುದೇ ಜಾಸ್ತಿ. ಮುಚ್ಚಳ ತೆಗೆದರೆ ಒಳಗೆ ಪ್ಲಾಸ್ಟರಿಂಗ್ ಸಿಮೆಂಟ್, ಹಸಿ ಇನ್ನೂ ಆರಿರುವುದಿಲ್ಲ. ಕ್ಲೀನ್ ಮಾಡಿ, ಒಣಗಿಸಿ, ಮತ್ತೆ ಅಳೆದು ಆಮೇಲೆ ಬಂದ ಅಂಕಿ ಬರೆ. ಮೊದಲಿನ 0.4ನ್ನೂ ನಿನ್ನ ಡೈರಿಯಲ್ಲಿ ಇಟ್ಟುಕೋ. ಪರೀಕ್ಷೆಯಲ್ಲಿ ಇಂಥದ್ದೊಂದನ್ನು ಸರಿಯಾಗಿ ಹೇಳಿದರೆ, ಕೈಯಿಂದ ಮಾಡಿದವನು ಅಂತ ಕೇಳುವವರಿಗೆ ಗೊತ್ತಾಗುತ್ತೆ.

ಪ್ರಶ್ನೆ (ಅದೇ ಹುಡುಗ): ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದು. ಸೇಫ್ಟಿ ಬಗ್ಗೆ, ಕಾಯ್ದೆ ಬಗ್ಗೆ ಏನು ಓದಿಕೊಳ್ಳಲಿ? ನಮ್ಮ ನೋಟ್ಸ್‌ನಲ್ಲಿ 1956ರ ರೂಲ್ಸ್ ಇದೆ. ಮತ್ತೆ ಖಾಲಿ ಫಾರಂಗೆ ಸಹಿ ಮಾಡು ಅಂದರೆ ಮಾಡಬಹುದಾ?

ಉತ್ತರ: ಆ ನೋಟ್ಸ್ ಪಕ್ಕಕ್ಕಿಡು. ಈಗ ಇರುವುದು 2003ರ ವಿದ್ಯುತ್ ಕಾಯ್ದೆ. ಸುರಕ್ಷತೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು, ಅವು 2010ರ ನಿಯಮಗಳ ಜಾಗಕ್ಕೆ ಬಂದವು. ವೈರಿಂಗ್‌ಗೆ ಐಎಸ್ 732, ಅರ್ತಿಂಗ್‌ಗೆ ಐಎಸ್ 3043. ಕೆಲಸ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಹೆಸರಲ್ಲಿ, ಸೂಪರ್‌ವೈಸರ್ ಸರ್ಟಿಫಿಕೇಟ್ ಇರುವವರ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವವರ ಕೈಯಲ್ಲಿ ಆಗಬೇಕು. ಈ ಮೂರು ಹಂತ ಬಾಯಿಪಾಠ ಇರಲಿ. ಅರ್ಜಿ, ಶುಲ್ಕದ ವಿಚಾರಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪ್ರಕಟಣೆ ಬಿಟ್ಟು ಬೇರೆ ಯಾರ ಮಾತೂ ಬೇಡ, ನನ್ನದೂ ಸೇರಿ.

ಸೇಫ್ಟಿಯಲ್ಲಿ ಒಂದು ಪ್ರಶ್ನೆಗೆ ಸುಮಾರು ಜನ ಎಡವುತ್ತಾರೆ. ಲೈನ್ ಸತ್ತಿದೆ ಅಂತ ಹೇಗೆ ಖಾತ್ರಿ ಮಾಡುತ್ತೀಯಾ? ‘ಮೇನ್ ಆಫ್ ಮಾಡುತ್ತೇನೆ’ ಅನ್ನುವುದು ಅರ್ಧ ಉತ್ತರ. ಬೆಂಗಳೂರಲ್ಲಿ ಮನೆಗೊಂದು ಯುಪಿಎಸ್, ಮೇಲೆ ಸೋಲಾರ್. ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನ್ ಬದುಕಿರುತ್ತೆ. ಎಲ್ಲ ಕಡೆಯಿಂದ ಆಫ್ ಮಾಡಿ, ಬೀಗ ಹಾಕಿ, ಟೆಸ್ಟರ್ ಸರಿ ಇದೆಯಾ ಅಂತ ಬದುಕಿರುವ ಲೈನಲ್ಲಿ ನೋಡಿ, ಆಮೇಲೆ ಕೆಲಸದ ಲೈನ್ ನೋಡಿ, ಮತ್ತೆ ಟೆಸ್ಟರ್ ನೋಡಬೇಕು.

ಖಾಲಿ ಫಾರಂಗೆ ಸಹಿ ಬೇಡವೇ ಬೇಡ. ಅಲ್ಲಿ ಜಗಳ ಆಡಬೇಕಾಗಿಲ್ಲ. ‘ಅಣ್ಣ, ರೀಡಿಂಗ್ ತಗೊಂಡು ಬರುತ್ತೇನೆ, ತುಂಬಿ ಕೊಡಿ, ಹಾಕುತ್ತೇನೆ’ ಅನ್ನು. ನಾಳೆ ಶಾಕ್ ಹೊಡೆದು ಕೇಸ್ ಆದರೆ ಮೊದಲು ತೆಗೆಯುವುದು ಆ ಹಾಳೆಯನ್ನೇ.

ಪ್ರಶ್ನೆ (ಮನೆ ಕಟ್ಟಿಸುತ್ತಿರುವವರೊಬ್ಬರು, ಆರ್‌.ಟಿ. ನಗರ): ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಎಲೆಕ್ಟ್ರಿಷಿಯನ್ ‘ಅರ್ತ್ 5 ಓಮ್ ಬಂದಿದೆ, ಎಂಸಿಬಿ (ಕರೆಂಟ್ ಜಾಸ್ತಿಯಾದರೆ ಬೀಳುವ, ಅಂದರೆ ತಾನೇ ಆಫ್ ಆಗುವ ಸ್ವಿಚ್) ಇದೆ, ಆರ್‌ಸಿಸಿಬಿ ಸುಮ್ನೆ ಖರ್ಚು’ ಅಂತಾರೆ. ನಿಜಾನಾ?

ಉತ್ತರ: ಇಲ್ಲ ಸರ್. ನೀವೇ ಲೆಕ್ಕ ಹಾಕಿ ನೋಡಿ. ಗೀಸರ್ ಬಾಡಿಗೆ ಫೇಸ್ ತಗುಲಿತು ಅಂದುಕೊಳ್ಳಿ. 230 ವೋಲ್ಟ್, 5 ಓಮ್, ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. 16 ಆಂಪಿಯರ್‌ನ ಸಿ ಟೈಪ್ ಎಂಸಿಬಿ ತಕ್ಷಣ ಬೀಳುವುದು ಖಾತ್ರಿ ಆಗಬೇಕಾದರೆ ಅದರ ಹತ್ತು ಪಟ್ಟು, 160 ಆಂಪಿಯರ್ ಬೇಕು. ಅಷ್ಟು ಹರಿಯಲು ದಾರಿಯ ಒಟ್ಟು ರೆಸಿಸ್ಟೆನ್ಸ್ 1.4 ಓಮ್‌ಗಿಂತ ಕೆಳಗಿರಬೇಕು. 46 ಆಂಪಿಯರ್‌ಗೆ ಎಂಸಿಬಿ ಬಿಸಿಯಾಗಿ ನಿಧಾನಕ್ಕೆ ಬೀಳುತ್ತೆ. ಅಷ್ಟು ಹೊತ್ತು ಗೀಸರ್ ಬಾಡಿಯಲ್ಲಿ ಜೀವಕ್ಕೆ ಅಪಾಯ ಆಗುವಷ್ಟು ವೋಲ್ಟೇಜ್ ನಿಂತಿರುತ್ತೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಆದರೆ ಕಣ್ಣು ಮಿಟುಕಿಸುವುದರಲ್ಲಿ ಬೀಳುತ್ತೆ. ಹಾಕಿಸಿ.

ಹುಡುಗನಿಗೂ ಇದರಲ್ಲೇ ಒಂದು ಪ್ರಶ್ನೆ ಇದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ, ಬಿತ್ತು. ಅರ್ತ್ ಸರಿ ಇದೆ ಅಂತಾಯಿತಾ? ಆಗಲಿಲ್ಲ. ಆ ಬಟನ್ ಒಳಗಿನ ಮೆಕ್ಯಾನಿಸಮ್ ಮಾತ್ರ ನೋಡುತ್ತೆ. ಅರ್ತ್ ವೈರ್ ಇಲ್ಲದಿದ್ದರೂ ಬೀಳುತ್ತೆ. ರಿಪೋರ್ಟ್‌ಗೆ ಟೆಸ್ಟರ್‌ನ ಮಿಲಿಸೆಕೆಂಡ್ ಬೇಕು: 30 ಮಿಲಿ ಆಂಪಿಯರ್‌ನಲ್ಲಿ 300ರ ಒಳಗೆ, ಐದು ಪಟ್ಟಿನಲ್ಲಿ 40ರ ಒಳಗೆ, ಅರ್ಧದಲ್ಲಿ ಬೀಳಬಾರದು.

ಪ್ರಶ್ನೆ (ಪೀಣ್ಯದ ಹುಡುಗ): ಕೊನೆಯದು ಸರ್. ಅರ್ತ್ ಟೆಸ್ಟರ್‌ಗೆ ನೆಲಕ್ಕೆ ಎರಡು ಸ್ಪೈಕ್ (ಲೋಹದ ಗೂಟ) ಹೊಡೆಯಬೇಕಲ್ಲ. ನಮ್ಮ ಸೈಟ್‌ಗಳೆಲ್ಲ 30×40, ಸುತ್ತ ಕಾಂಕ್ರೀಟ್. ಎಲ್ಲಿ ಹೊಡೆಯುವುದು?

ಉತ್ತರ: ಎಲ್ಲರ ಗೋಳೂ ಇದೇ. ಪಕ್ಕದಲ್ಲಿ ಖಾಲಿ ಸೈಟ್, ಪಾರ್ಕ್ ಅಂಚು, ಮರದ ಬುಡದ ಮಣ್ಣು, ಏನಾದರೂ ಸಿಗುತ್ತಾ ನೋಡು. ನೆಲದಡಿ ಕೇಬಲ್, ನೀರಿನ ಪೈಪ್ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಹೊಡೆ. ಮೇನ್ ಆಫ್ ಮಾಡಿ, ಎಲೆಕ್ಟ್ರೋಡ್‌ನಿಂದ (ಅರ್ತ್ ಗುಂಡಿಯಲ್ಲಿ ಹೂತ ಲೋಹ) ಅರ್ತ್ ವೈರ್ ಬಿಚ್ಚು. ದೂರದ ಸ್ಪೈಕ್ ಎಲೆಕ್ಟ್ರೋಡ್‌ನಿಂದ 30 ಮೀಟರ್‌ಗೆ ಇದ್ದರೆ ಮಧ್ಯದ್ದು ಶೇಕಡಾ 62ಕ್ಕೆ, ಅಂದರೆ ಹದಿನೆಂಟೂವರೆ ಮೀಟರ್ ಹತ್ತಿರ. ಅದನ್ನು ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಇಟ್ಟು ಮತ್ತೆ ಅಳೆ. ಮೂರೂ ಹತ್ತಿರ ಹತ್ತಿರ ಇದ್ದರೆ ಸರಾಸರಿ ಬರೆ. ಇಲ್ಲದಿದ್ದರೆ ದೂರದ ಸ್ಪೈಕನ್ನು ಇನ್ನೂ ಆಚೆ ಒಯ್ಯಿ.

ಎಲ್ಲೂ ಮಣ್ಣು ಸಿಗದಿದ್ದರೆ ಲೂಪ್ ಟೆಸ್ಟರ್‌ನಲ್ಲಿ ಅಳೆ. ಅದರಲ್ಲಿ ಟ್ರಾನ್ಸ್‌ಫಾರ್ಮರ್ ಕಡೆಯ ಅರ್ತ್ ಕೂಡ ಸೇರಿರುತ್ತೆ, ಹಾಗಾಗಿ ನಿನ್ನ ಎಲೆಕ್ಟ್ರೋಡ್ ಅದಕ್ಕಿಂತ ಕಡಿಮೆಯೇ ಇರುತ್ತೆ. ಯಾವ ವಿಧಾನದಲ್ಲಿ ಅಳೆದೆ ಅನ್ನುವುದನ್ನು ಅಂಕಿಯ ಪಕ್ಕದಲ್ಲೇ ಬರೆ. ಮಳೆ ಬಂದ ಮರುದಿನ ಅಳೆದಿದ್ದರೆ ಅದನ್ನೂ ಬರೆ, ಬೇಸಿಗೆಯಲ್ಲಿ ಅದೇ ಗುಂಡಿ ಜಾಸ್ತಿ ತೋರಿಸುತ್ತೆ.