ಅಪ್‌ಡೇಟ್: ಮೆಕ್ಕೆಜೋಳದ ನಡುವಿನ ಸೋಯಾಬೀನ್‌ಗೆ ಪೊಟ್ಯಾಷ್
ಮೆಕ್ಕೆಜೋಳದ ಸಾಲುಗಳ ನಡುವಿನ ಸೋಯಾಬೀನ್ ನೆಲಕ್ಕೆ ಒರಗುತ್ತಿದೆ, ಪೊಟ್ಯಾಷ್ (ಪೊಟ್ಯಾಷಿಯಂ ಗೊಬ್ಬರ) ಕೊಟ್ಟರೆ ಕಾಂಡ ಗಟ್ಟಿಯಾಗುವುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಮಣ್ಣು ಪರೀಕ್ಷೆಯಲ್ಲಿ ಪೊಟ್ಯಾಷಿಯಂ ಕಡಿಮೆ ಎಂದು ಬಂದಿತ್ತು. ಶಿಫಾರಸು ಮಾಡಿದಷ್ಟೇ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಪೊಟ್ಯಾಷ್ ಗೊಬ್ಬರವನ್ನು ಬಿತ್ತನೆಗೆ ಮೊದಲು ಮಣ್ಣಿಗೆ ಸೇರಿಸಿದೆ. ಹೋಲಿಕೆಗೆಂದು ಗೊಬ್ಬರ ಹಾಕದೆ ಬಿಟ್ಟ ಪಟ್ಟಿಗಿಂತ ಇಲ್ಲಿನ ಕಾಂಡ ಕಣ್ಣಿಗೆ ಕಾಣುವಷ್ಟು ದಪ್ಪಗಿದೆ. ನನಗಂತೂ ಬಹಳ ಸಂತೋಷವಾಗಿದೆ! ಎಲೆಯಲ್ಲಿ ತಯಾರಾದ ಸಕ್ಕರೆ ಕಾಂಡಕ್ಕೆ ಸಾಗಲು ಪೊಟ್ಯಾಷಿಯಂ ಬೇಕು. ಕಾಂಡಕ್ಕೆ ಬಲ ಕೊಡುವ ಸೆಲ್ಯುಲೋಸ್, ಲಿಗ್ನಿನ್ ರೂಪುಗೊಳ್ಳುವುದು ಆ ಸಕ್ಕರೆಯಿಂದಲೇ.

ಆದರೆ ನೆರಳಿನ ತೊಂದರೆಯನ್ನು ಗೊಬ್ಬರವೊಂದೇ ನೀಗಿಸದು. ಮೆಕ್ಕೆಜೋಳಕ್ಕೆ ತೀರಾ ಹತ್ತಿರದ ಸಾಲು ಈಗಲೂ ಬೆಳಕಿಗಾಗಿ ಎಳೆದುಕೊಂಡು ಬಾಗುತ್ತಿದೆ. ಮುಂದಿನ ಹಂಗಾಮಿಗೆ ಸಾಲಿನ ಅಂತರ ಹೆಚ್ಚಿಸುತ್ತೇನೆ, ಪೊಟ್ಯಾಷನ್ನಲ್ಲ. ಅದು ಅತಿಯಾದರೆ ಮೆಗ್ನೀಷಿಯಂ ಹೀರಿಕೆ ಕುಗ್ಗುತ್ತದೆ.