ಅವ್ವನ ಬೀಸೋ ಪದಗಳಿಗೆ ಗಿಟ್ ಬೇಕಾ, ಫಾಸಿಲ್ ಸಾಕಾ?

ಆಳಂದ ರಸ್ತೆ:

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಹೈಸ್ಕೂಲ್ ಮಾಸ್ತರ ನಾನು. ಕಲಿಸುವುದು ಗಣಿತ, ಪ್ರೋಗ್ರಾಮಿಂಗ್ ಬರುವುದಿಲ್ಲ. ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಅವ್ವ ಹಾಡುವ ಬೀಸೋ ಪದಗಳನ್ನು ನಾಲ್ಕು ವರ್ಷದಿಂದ ಬರೆದಿಡುತ್ತಿದ್ದೇನೆ. ಈವರೆಗೆ 41 ಆಗಿವೆ. ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಆದರೆ ಕೈ ತಿರುಗದೆ ಅವ್ವನಿಗೆ ಪದ ನೆನಪಾಗುವುದಿಲ್ಲ. ಹಾಗಾಗಿ ಕಾಳು ಹಾಕದೆ ಖಾಲಿ ಕಲ್ಲನ್ನೇ ತಿರುಗಿಸುತ್ತಾ ಹಾಡುತ್ತಾಳೆ.

ನನ್ನ ಫೋಲ್ಡರ್ ನೋಡಿದರೆ ನಗುತ್ತೀರಿ. ಪದ_ಹೊಸದು, ಪದ_ಹೊಸದು_2, ಪದ_ಫೈನಲ್, ಪದ_ಫೈನಲ್_ಇದೇ. ಯಾವುದು ನಿಜವಾಗಿ ಫೈನಲ್ ಅಂತ ನನಗೇ ಗೊತ್ತಿಲ್ಲ.

ಹೋದ ದಸರಾ ರಜೆಯಲ್ಲಿ ಒಂದು ಎಡವಟ್ಟು ಮಾಡಿದೆ. ಬುದ್ಧಿವಂತಿಕೆ ಜಾಸ್ತಿಯಾಗಿ, ಅವ್ವನ ಮಾತನ್ನು 'ಶುದ್ಧ' ಮಾಡಲು ಹೋದೆ. 'ಜ್ವಾಳ' ಇದ್ದದ್ದು 'ಜೋಳ', 'ಮಳಿ' ಇದ್ದದ್ದು 'ಮಳೆ', ಎಲ್ಲಾ ಒಂದೇ ಏಟಿಗೆ ಫೈಂಡ್-ರಿಪ್ಲೇಸ್. ಆಮೇಲೆ ನೋಡಿದರೆ 'ಮಳಿಗಿ' ಹೋಗಿ 'ಮಳೆಗಿ' ಆಗಿತ್ತು! ಎರಡೆರಡು ಸಲ ಬಂದಿವೆ ಅಂತ ಮೂರು ನುಡಿಗಳನ್ನೂ ತೆಗೆದುಹಾಕಿದ್ದೆ. ಓದಿ ಹೇಳಿದಾಗ ಅವ್ವ ಕಲ್ಲು ನಿಲ್ಲಿಸಿ, "ಇದು ಯಾರ ಪದ ತಮ್ಮಾ? ನಾ ಹಿಂಗ ಅಂದಿಲ್ಲ" ಅಂದಳು. ಹಳೇ ಪ್ರತಿ ಇದ್ದ ಪೆನ್‌ಡ್ರೈವನ್ನು ಪ್ರಶ್ನೆಪತ್ರಿಕೆ ಒಯ್ಯಲು ನಾನೇ ಫಾರ್ಮ್ಯಾಟ್ ಮಾಡಿಬಿಟ್ಟಿದ್ದೆ.

ಯಾವ ದಿನ ಏನು ಬದಲಿಸಿದೆ ಅಂತ ಕಾಣಬೇಕು, ಬೇಕೆಂದಾಗ ಹಿಂದಿನದು ವಾಪಸ್ ಸಿಗಬೇಕು. ಹೀಗೆ ಫೈಲುಗಳ ಬದಲಾವಣೆಯ ಇತಿಹಾಸ ಇಡುವ ವರ್ಷನ್ ಕಂಟ್ರೋಲ್ ಸಿಸ್ಟಮ್‌ಗಳು ಗಿಟ್, ಫಾಸಿಲ್ ಅಂತ ಕೇಳಿದ್ದೇನೆ, ಯಾವುದು ನನಗೆ ಸರಿ? ಊರಲ್ಲಿ ಮಾಳಿಗೆ ಹತ್ತಿದರೆ ಮಾತ್ರ ನೆಟ್. ಲ್ಯಾಪ್‌ಟಾಪ್ ಹಳೇ ವಿಂಡೋಸ್. ಅರ್ಧ ಫೈಲು ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿವೆ, ಅರ್ಧ ವರ್ಡ್‌ನಲ್ಲಿ ಯೂನಿಕೋಡ್. ಇನ್ನೊಂದು ಗೋಜಲು: ಭಾಲ್ಕಿ ಕಡೆಗೆ ಕೊಟ್ಟ ಅತ್ತಿ ಅದೇ ಪದಗಳನ್ನು ಬೇರೆ ಥರ ಹಾಡುತ್ತಾಳೆ. ಅದಕ್ಕೆ ಬ್ರಾಂಚ್, ಅಂದರೆ ಇತಿಹಾಸದಲ್ಲೇ ಬೇರೆ ಕವಲು, ಮಾಡಬೇಕಾ?

ಬಿದ್ರಿ ತಂತಿ:

ಸರ್, ನಾನು ಬೀದರಿನವನು, ಹೊಟ್ಟೆಪಾಡಿಗೆ ಕೋಡ್ ಬರೆಯೋದು. ಯಾವ ಸಿಸ್ಟಮ್ ಅನ್ನೋದು ಆಮೇಲಿನ ಮಾತು. ಮೊದಲು ಫೈಲು ಸರಿಮಾಡಿ.

ವರ್ಡ್‌ನ ಡಾಕ್ಸ್ ಫೈಲು ಅಂದರೆ ಅದೊಂದು ಜಿಪ್ ಗಂಟು. ಪ್ರತಿ ಮಾಡಿ, ಹೆಸರಿನ ಕೊನೆಗೆ ಜಿಪ್ ಅಂತ ಬದಲಿಸಿ ಬಿಚ್ಚಿ ನೋಡಿ, ಒಳಗೆ ಎಕ್ಸ್‌ಎಂಎಲ್ ಫೈಲುಗಳು ಕಾಣುತ್ತವೆ. ಗಿಟ್ ಅದನ್ನು ಇಟ್ಟುಕೊಳ್ಳುತ್ತದೆ, ಆದರೆ ಯಾವ ಸಾಲು ಬದಲಾಯಿತು ಅಂತ ತಾನಾಗೇ ತೋರಿಸಲ್ಲ. ನುಡಿಯ ಹಳೇ ಫೈಲುಗಳದ್ದು ಇನ್ನೊಂದು ಕತೆ. ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚೂರು. ಮೊದಲು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ, ಆಮೇಲೆ ಸಾದಾ ಟೆಕ್ಸ್ಟ್ ಫೈಲಾಗಿ ಉಳಿಸಿ. ಹಳೇ ನೋಟ್‌ಪ್ಯಾಡ್‌ನಲ್ಲಿ 'ಯೂನಿಕೋಡ್' ಅಂತ ಇರೋದು ಯುಟಿಎಫ್-16 ಅನ್ನೋ ಅಕ್ಷರ ಉಳಿಸುವ ವಿಧಾನ, ಅದನ್ನು ಗಿಟ್ ಟೆಕ್ಸ್ಟ್ ಅಂತ ಒಪ್ಪಲ್ಲ. 'ಆನ್ಸಿ' ಆರಿಸಿದರಂತೂ ಕನ್ನಡವೆಲ್ಲಾ ಪ್ರಶ್ನಾರ್ಥಕ ಚಿಹ್ನೆ! ಯುಟಿಎಫ್-8 ಒಂದೇ ದಾರಿ.

ಅಷ್ಟಾದರೆ ಹಾಡಿಗೆ ಗಿಟ್, ಫಾಸಿಲ್ ಥರದವು ಹೇಳಿ ಮಾಡಿಸಿದಂತಿವೆ. ಇವೆಲ್ಲಾ ಸಾಲು ಸಾಲಾಗಿ ಹೋಲಿಸುತ್ತವೆ, ನಿಮ್ಮ ಪದಗಳೂ ಸಾಲು ಸಾಲಾಗೇ ಇವೆ, ಅಲ್ವಾ? ಟಿಪ್ಪಣಿ ಬರೆಯುವಾಗ ಒಂದು ವಾಕ್ಯಕ್ಕೆ ಒಂದು ಸಾಲು ಇಡಿ.

ಗಿಟ್ ಅನ್ನು ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಮಾಡಿದ್ದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗಾಗಿ. ಎಷ್ಟೋ ಜನ ಒಟ್ಟಿಗೆ ಕೆಲಸ ಮಾಡುವ ಜಾಗ ಅದು. ನಿಮ್ಮ ಅಂಗಳಕ್ಕೆ ಅದರ ಅರ್ಧ ಸಾಮಾನು ಬೇಕಿಲ್ಲ. ನಿಮಗೆ ನಾನು ಹೇಳೋದು ಫಾಸಿಲ್. ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಮಾಡಿದ ರಿಚರ್ಡ್ ಹಿಪ್ ಅವರದ್ದೇ. ಒಂದೇ ಪ್ರೋಗ್ರಾಮ್ ಫೈಲು, ಇನ್‌ಸ್ಟಾಲ್ ಗೊಡವೆ ಇಲ್ಲ. ನಿಮ್ಮ ಪೂರ್ತಿ ಇತಿಹಾಸವೂ ಒಂದೇ ಫೈಲಿನಲ್ಲಿ. ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಮುಗೀತು (ಫಾರ್ಮ್ಯಾಟ್ ಮಾಡಬೇಡಿ ಮತ್ತೆ!). 'ಫಾಸಿಲ್ ಯುಐ' ಅಂತ ಕಮಾಂಡ್ ಕೊಟ್ಟರೆ ಬ್ರೌಸರ್‌ನಲ್ಲೇ ದಿನಾಂಕದ ಪ್ರಕಾರ ಎಲ್ಲಾ ಕಾಣುತ್ತದೆ, ನೆಟ್ ಬೇಡ. ಗಿಟ್ಟೇ ಬೇಕೆಂದರೆ ಕೋರ್ ಡಾಟ್ ಕೋಟ್‌ಪಾತ್ ಅನ್ನೋ ಸೆಟ್ಟಿಂಗನ್ನು ಫಾಲ್ಸ್ ಮಾಡಿ. ಇಲ್ಲದಿದ್ದರೆ ಫೈಲಿನ ಕನ್ನಡ ಹೆಸರುಗಳು 340, 262 ಅಂತ ಅಂಕಿಗಳಾಗಿ ಕಾಣುತ್ತವೆ.

ಭೀಮಾ ಸೇತುವೆ:

ಯಾದಗಿರಿಯಿಂದ. ಇಷ್ಟೆಲ್ಲಾ ಯಾಕ್ರೀ? ಸುಮ್ನೆ ಗೂಗಲ್ ಡಾಕ್ಸ್‌ಗೆ ಹಾಕಿ. ವರ್ಷನ್ ಹಿಸ್ಟರಿ ತಾನೇ ಇಟ್ಟುಕೊಳ್ಳುತ್ತದೆ.

ಬಿದ್ರಿ ತಂತಿ:

ಮಾಳಿಗೆ ಹತ್ತಿ ಟೈಪ್ ಮಾಡಬೇಕಾ ಅಣ್ಣಾ, ಮೇ ತಿಂಗಳಲ್ಲಿ? ಅದೂ ಅಲ್ಲದೆ ಅಲ್ಲಿ ಹಳೇ ಆವೃತ್ತಿಗಳನ್ನು ಜಾಗ ಉಳಿಸಲು ಒಮ್ಮೊಮ್ಮೆ ಒಟ್ಟು ಸೇರಿಸಿಬಿಡುತ್ತಾರೆ. ಮತ್ತೆ 'ಯಾಕೆ ಬದಲಿಸಿದೆ' ಅಂತ ಪ್ರತಿ ಸಲವೂ ಒಂದು ಸಾಲು ಬರೆಯೋ ಅಭ್ಯಾಸ ಅಲ್ಲಿ ಬರಲ್ಲ. ಮಾಸ್ತರಿಗೆ ಬೇಕಿರೋದು ಅದೇ.

ತತ್ರಾಣಿ:

ಜಾನಪದದಲ್ಲಿ ಸ್ವಲ್ಪ ಕೆಲಸ ಮಾಡಿದ್ದೇನೆ. ಬ್ರಾಂಚ್ ಬಗ್ಗೆ ಹೇಳಬೇಕು ಅನ್ನಿಸಿತು. ಮಾಡಬೇಡಿ ಸರ್. ಬ್ರಾಂಚ್ ಅಂದರೆ ಮುಂದೊಂದು ದಿನ ಮರ್ಜ್ ಮಾಡೋ, ಅಂದರೆ ಎರಡನ್ನೂ ಒಂದಾಗಿಸೋ ಮನಸ್ಸು ಬರುತ್ತದೆ. ನಿಮ್ಮ ಅವ್ವನ ಪದವನ್ನೂ ಅತ್ತೆಯ ಪದವನ್ನೂ ಮರ್ಜ್ ಮಾಡಿದರೆ ಯಾರೂ ಹಾಡದ ಮೂರನೇ ಪದ ಹುಟ್ಟುತ್ತದೆ. ಅತ್ತೆ ಹಾಡೋದು ಪಾಠಾಂತರ, ತಿದ್ದುಪಡಿ ಅಲ್ಲ. ಒಂದು ಪದಕ್ಕೆ ಒಂದು ಫೋಲ್ಡರ್, ಒಳಗೆ 'ಅವ್ವ' ಒಂದು ಫೈಲು, 'ಅತ್ತಿ' ಒಂದು ಫೈಲು. ಇಬ್ಬರದ್ದೂ ಸರಿ. ಇತಿಹಾಸದಲ್ಲಿ ಬರಬೇಕಾದ್ದು ನಿಮ್ಮ ಕೈಯ ತಪ್ಪು, ನಿಮ್ಮ ತಿದ್ದುಪಡಿ ಮಾತ್ರ.

'ಜ್ವಾಳ' ಹಾಗೇ ಇರಲಿ. ಅರ್ಥ ಬೇಕಾದರೆ ಟಿಪ್ಪಣಿಯಲ್ಲಿ ಕೊಡಿ.

ಒಂದು ಎಚ್ಚರ. ನನಗೊಮ್ಮೆ ಎರಡು ಸಾಲು ಕಣ್ಣಿಗೆ ಒಂದೇ ಥರ ಕಂಡರೂ ಡಿಫ್ (ವ್ಯತ್ಯಾಸ ತೋರಿಸುವ ಹೋಲಿಕೆ) ಬೇರೆ ಅಂತ ಹಟ ಹಿಡಿಯಿತು. ಅರ್ಧ ದಿನ ಹೋಯಿತು. ಕೊನೆಗೆ ನೋಡಿದರೆ 'ಬಸ್' ಅನ್ನೋ ಪದದ ತುದಿಗೆ ಒತ್ತು ಬೀಳದಂತೆ ತಡೆಯುವ, ಅಗಲವೇ ಇಲ್ಲದ ಗುರುತೊಂದು ಕೂತಿತ್ತು. ಒಂದು ಕೀಬೋರ್ಡ್ ಅದನ್ನು ಹಾಕುತ್ತಿತ್ತು, ಇನ್ನೊಂದು ಹಾಕುತ್ತಿರಲಿಲ್ಲ. ಒಂದೇ ಕೀಬೋರ್ಡ್‌ಗೆ ಅಂಟಿಕೊಳ್ಳಿ.

ಆಳಂದ ರಸ್ತೆ:

ತತ್ರಾಣಿಯವರೇ, 'ಯಾರೂ ಹಾಡದ ಮೂರನೇ ಪದ' ಅಂದಿರಲ್ಲ, ದಸರಾದಲ್ಲಿ ನಾನು ಮಾಡಿದ್ದೂ ಅದನ್ನೇ.

ಫಾಸಿಲ್ ಹಾಕಿದೆ. ಎರಡು ಭಾನುವಾರ ಹಿಡಿಯಿತು, ಅದರಲ್ಲಿ ಒಂದೂವರೆ ಭಾನುವಾರ ನುಡಿ ಫೈಲುಗಳಿಗೇ ಹೋಯಿತು. ಫೈಂಡ್-ರಿಪ್ಲೇಸ್ ಮಾಡಿ ಕೆಡಿಸಿದ್ದನ್ನೇ ಮೊದಲ ಕಮಿಟ್ (ಇತಿಹಾಸದ ದಾಖಲೆ) ಆಗಿ ಇಟ್ಟೆ, ನಾಚಿಕೆಯಾದರೂ ಇರಲಿ ಅಂತ. ಎರಡನೆಯದಕ್ಕೆ 'ಅವ್ವ ಅಂದಂತೆ, ಮಳಿ ಮಳಿಯೇ' ಅಂತ ಬರೆದೆ.

ತೆಗೆದುಹಾಕಿದ್ದ ಮೂರು ನುಡಿಗಳಲ್ಲಿ ಎರಡು ಹಳೇ ಫೋನಿನ ರೆಕಾರ್ಡಿಂಗ್‌ನಲ್ಲಿ ಸಿಕ್ಕವು. ಮೂರನೆಯದು ಶುರುವಾಗುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಸೀಟಿ ಹೊಡೆದಿದೆ. ಅವ್ವನನ್ನು ಕೇಳಿದರೆ, "ಕಲ್ಲಿನ ಮುಂದ ಕುಂತಾಗ ಬರ್ತದ, ಬಾ" ಅಂತಾಳೆ. ಶನಿವಾರ ಹೋಗುತ್ತಿದ್ದೇನೆ. ಆಡಿಯೊ ಫೈಲುಗಳನ್ನೂ ಫಾಸಿಲ್‌ನಲ್ಲೇ ಇಡಬಹುದಾ?

ಬಿದ್ರಿ ತಂತಿ:

ಬೇಡ ಸರ್, ಸುಮ್ನೆ ಉಬ್ಬುತ್ತದೆ. ಆಡಿಯೊ ಬೇರೆ ಫೋಲ್ಡರ್, ಎರಡು ಡಿಸ್ಕಿನಲ್ಲಿ ಪ್ರತಿ. ಟೆಕ್ಸ್ಟ್ ಫೈಲಿನ ಮೊದಲ ಸಾಲಿನಲ್ಲಿ ಅದರ ಹೆಸರು, ತಾರೀಖು ಬರೆದಿಡಿ. ಕುಕ್ಕರ್ ಒಲೆಯಿಂದ ಇಳಿಸಿದ ಮೇಲೆ ರೆಕಾರ್ಡ್ ಮಾಡಿ.